ಬಿಸಿಲನ್ನು ಕೂಡಿಡುವ ನೆಲ

ಬೇಸಗೆಯಲ್ಲಿ ಹೊತ್ತು ಮುಳುಗಿದ ಬಳಿಕ ಅಂಗಳದ ಕಲ್ಲುಚಪ್ಪಡಿಯ ಮೇಲೆ ಕುಳಿತು ನೋಡಿ. ಗಾಳಿ ತಂಪಾಗಿದ್ದರೂ ಕಲ್ಲು ಬೆಚ್ಚಗಿರುತ್ತದೆ. ಹಗಲಿನಲ್ಲಿ ಹೀರಿದ ಶಾಖವನ್ನು ಅದು ಮೆಲ್ಲಮೆಲ್ಲನೆ ಹಿಂದಿರುಗಿಸುತ್ತಿರುತ್ತದೆ. ಹಿಮ ಬೀಳುವ ನಾಡುಗಳಲ್ಲಿ ಇದೇ ತತ್ತ್ವದಿಂದ ಮನೆಯನ್ನು ಬೆಚ್ಚಗಿಡುವ ಬಗೆಯನ್ನೂ ಅದರಲ್ಲಿರುವ ಒಂದು ತೊಡಕನ್ನೂ ಈಗ ವಿಚಾರಿಸೋಣ.

ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಮ್ಯಾಡಿಸನ್ ನಗರದ ಬಳಿ, ಪತ್ರಿಕೋದ್ಯೋಗಿ ಹರ್ಬರ್ಟ್ ಜೇಕಬ್ಸರಿಗಾಗಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟರು 1944ರಲ್ಲಿ ಒಂದು ಮನೆಯನ್ನು ಯೋಜಿಸಿದರು. 1948ರಲ್ಲಿ ಪೂರ್ಣಗೊಂಡ ಆ ಮನೆ ಬಿಲ್ಲಿನಂತೆ ಬಾಗಿದೆ. ಉತ್ತರದ ಗೋಡೆಗೆ ಮಣ್ಣಿನ ದಿಬ್ಬವೇ ಹೊದಿಕೆ. ದಕ್ಷಿಣದ ಬದಿಯೆಲ್ಲ ಗಾಜು. ನೆಲ ಕಾಂಕ್ರೀಟಿನದು, ಅದನ್ನು ಕಾಯಿಸಲು ಬಿಸಿನೀರಿನ ಕೊಳವೆಗಳುಂಟು. ಆ ಪ್ರದೇಶವು ಸುಮಾರು 43 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 22ರ ಸುಮಾರಿಗೆ ನಡುಹಗಲಿನ ಸೂರ್ಯನು ದಿಗಂತದಿಂದ 23½ ಡಿಗ್ರಿಯಷ್ಟೇ ಮೇಲಿರುವುದರಿಂದ ಬಿಸಿಲು ಗಾಜನ್ನು ದಾಟಿ ಕೋಣೆಯೊಳಗೆ ದೂರದವರೆಗೂ ಬೀಳುತ್ತದೆ. ಜೂನ್ 21ರ ಸುಮಾರಿಗೆ ಸೂರ್ಯನು 70½ ಡಿಗ್ರಿಯವರೆಗೆ ಏರುತ್ತಾನೆ. ಆಗ ಮುಂಚಾಚಿದ ಛಾವಣಿಯೇ ಗಾಜಿಗೆ ನೆರಳಾಗುತ್ತದೆ.

ಇನ್ನು ಲೆಕ್ಕವನ್ನು ನೋಡೋಣ. 10 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ನೆಲದ ಒಂದು ಚದರ ಮೀಟರ್ ಸುಮಾರು 230 ಕಿಲೋಗ್ರಾಂ ತೂಗುತ್ತದೆ. ಅದರ ಉಷ್ಣತೆಯನ್ನು 1 ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 200 ಕಿಲೋಜೌಲ್ ಶಾಖ ಬೇಕು. ಅದರ ಮೇಲೆ 2½ ಮೀಟರ್ ಎತ್ತರಕ್ಕೆ ನಿಂತ ಗಾಳಿಗಾದರೋ 3 ಕಿಲೋಜೌಲ್ ಸಾಕು! ಶಾಖದ ಭಂಡಾರವು ನೆಲವೇ ಹೊರತು ಗಾಳಿಯಲ್ಲವೆಂಬುದು ಇದರಿಂದ ಸ್ಪಷ್ಟ.

ಗಾಜಿನ ಒಂದು ಚದರ ಮೀಟರಿನ ಮೂಲಕ 5 ಗಂಟೆಗಳ ಕಾಲ ಸರಾಸರಿ 400 ವಾಟ್ ಬಿಸಿಲು ಒಳಬಂದಿತೆನ್ನೋಣ. ಒಟ್ಟು ಶಾಖ 7,200 ಕಿಲೋಜೌಲ್. ಇದು 6 ಚದರ ಮೀಟರ್ ನೆಲಕ್ಕೆ ಹಂಚಿಹೋದರೆ, ನಷ್ಟವನ್ನು ಸದ್ಯಕ್ಕೆ ಗಣಿಸದೆ, ನೆಲವು 6 ಡಿಗ್ರಿ ಏರುತ್ತದೆ. ಕೋಣೆಗಿಂತ 1 ಡಿಗ್ರಿ ಬೆಚ್ಚಗಿರುವ ನೆಲವು ಪ್ರತಿ ಚದರ ಮೀಟರಿನಿಂದ ಸುಮಾರು 10 ವಾಟ್ ಶಾಖವನ್ನು ಬಿಟ್ಟುಕೊಡುತ್ತದೆ. ಆದುದರಿಂದ 20 ಡಿಗ್ರಿಯ ಕೋಣೆಯಲ್ಲಿ 28 ಡಿಗ್ರಿಗೇರಿದ ನೆಲವು 22ಕ್ಕೆ ಇಳಿಯಲು ಸುಮಾರು 8 ಗಂಟೆ ಬೇಕು. ಸಂಜೆ ಆರರಿಂದ ನಡುರಾತ್ರಿ ಎರಡರವರೆಗೆ ಒಲೆಯಿಲ್ಲದೆಯೇ ಮನೆ ಬೆಚ್ಚಗಿರುತ್ತದೆ!

ತೊಡಕು ಇರುವುದು ಇಲ್ಲಿಯೇ. ಮೋಡ ಕವಿದ ದಿನಗಳಿಗೆ ಕೊಳವೆಗಳು ಬೇಕೇ ಬೇಕು. ಆದರೆ ಅವೂ ಅದೇ ನೆಲವನ್ನೇ ಕಾಯಿಸುತ್ತವೆ. ರಾತ್ರಿಯೆಲ್ಲ ಬಿಸಿನೀರು ಹರಿದು ಬೆಳಗಿನ ವೇಳೆಗೆ ನೆಲವು 27 ಡಿಗ್ರಿ ಮುಟ್ಟಿದ್ದರೆ, ಬಿಸಿಲು ಅದನ್ನು 33ಕ್ಕೆ ಏರಿಸೀತು. ಪಾದಗಳಿಗೆ ಹಿತವಾದ ಮಿತಿ ಸುಮಾರು 29. ಆಗ ಒಲೆಯನ್ನು ಆರಿಸಿದರೂ ಪ್ರಯೋಜನವಿಲ್ಲ. ಭಾರವಾದ ನೆಲವು ತಣಿಯಲು ಗಂಟೆಗಟ್ಟಲೆ ಹಿಡಿಯುತ್ತದೆ. ಕೊರೆಯುವ ಚಳಿಯಲ್ಲಿ ಕಿಟಕಿಯನ್ನು ತೆರೆದು, ಹಣ ತೆತ್ತು ಪಡೆದ ಶಾಖವನ್ನೇ ಹೊರದೂಡಬೇಕಾಗುತ್ತದೆ.

ಪರಿಹಾರವು ಸರಳ. ಬಿಸಿಲು ಬೀಳುವ ಭಾಗಕ್ಕೆ ಕೊಳವೆಯ ಪ್ರತ್ಯೇಕ ಸುತ್ತನ್ನಿಟ್ಟು, ಮರುದಿನ ಬಿಸಿಲಿನ ನಿರೀಕ್ಷೆಯಿದ್ದರೆ ಅದರ ನೀರನ್ನು ನಸುಕಿಗೆ ಮೊದಲೇ ನಿಲ್ಲಿಸಬೇಕು. ನೀರಿನ ಉಷ್ಣತೆಯೂ ಮಿತವಾಗಿರಬೇಕು. ಆ ನೆಲಕ್ಕೆ ದಪ್ಪ ಜಮಖಾನೆ ಹಾಸಬಾರದು. ಶಾಖವು ಮಣ್ಣಿಗಿಳಿಯದಂತೆ ಅಡಿಯಲ್ಲಿ ಉಷ್ಣನಿರೋಧಕ ಪದರವಿರಬೇಕು.

ಮಳೆನೀರನ್ನು ಹಿಡಿಯಬೇಕೆನ್ನುವವನು ಬಾವಿಯ ನೀರಿನಿಂದ ಹಂಡೆಯನ್ನು ಮೊದಲೇ ತುಂಬಿಸಿಡುವುದಿಲ್ಲ. ಬಿಸಿಲಿನ ವಿಷಯದಲ್ಲಿಯೂ ನಾವು ಅಷ್ಟು ವಿವೇಕವನ್ನು ತೋರಿದರೆ ಸಾಕು.