ಚೀಲ ತೆಗೆಯುವ ಮುನ್ನ ಒಳಗೊಮ್ಮೆ ಇಣುಕಿ

“ಡಾಕ್ಟ್ರ ಬಾಯಿ, ತಿಂಗಳದಾಗ ಹದಿನೈದು ದಿನಾ ಹೊಂಟಿರ್ತೈತ್ರಿ. ಆ ಚೀಲಾನ ತಗದ ಒಗದ್‌ಬಿಡ್ರಿ. ಇನ್ನ ಹಡಿಯೂದ್ ಏನೈತ್ರಿ?” ರೋಣ, ನರಗುಂದದ ಕಡೆಯಿಂದ ಬರುವ, ನಲವತ್ತು ದಾಟಿದ ಹೆಣ್ಣುಮಕ್ಕಳ ಬಾಯಲ್ಲಿ ಈ ಮಾತು ಕೇಳದ ವಾರವೇ ಇಲ್ಲ. ಚೀಲವೆಂದರೆ ಗರ್ಭಕೋಶ. ಸುಗ್ಗಿ ಮುಗಿಸಿ, ಸೊಸೆಗೆ ಮನೆ ಒಪ್ಪಿಸಿ, ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿರುತ್ತಾರೆ. ನಾನೋ ಸ್ಕ್ಯಾನ್ ಕಾಗದ ತಿರುವಿ, ಇದನ್ನು ಮುಟ್ಟಾದ ಎಷ್ಟನೇ ದಿನಕ್ಕೆ ಮಾಡಿಸಿದಿರಿ ಎಂದು ಕೇಳುತ್ತೇನೆ. ಬಂದವರಿಗೆ ಸಿಟ್ಟು ಬರುತ್ತದೆ.

ಗರ್ಭಕೋಶದ ಒಳಪದರ ತಿಂಗಳುದ್ದಕ್ಕೂ ಒಂದೇ ದಪ್ಪ ಇರುವುದಿಲ್ಲ. ಮುಟ್ಟು ನಿಂತ ಹೊಸತರಲ್ಲಿ ತೆಳ್ಳಗಿದ್ದದ್ದು ಮುಂದಿನ ಮುಟ್ಟಿನ ಹೊತ್ತಿಗೆ 14–15 ಮಿ.ಮೀ. ಆದರೂ ಸಹಜವೇ. ಆ ದಿನಗಳಲ್ಲಿ ಮಾಡಿದ ಸ್ಕ್ಯಾನಿನಲ್ಲಿ “ಪದರ ದಪ್ಪಗಿದೆ” ಎಂದು ಬರೆದದ್ದನ್ನು ಓದಿ ಮನೆಮಂದಿಯೆಲ್ಲ ಕ್ಯಾನ್ಸರ್ ಎಂದು ಕಂಗಾಲಾಗುತ್ತಾರೆ. ನಿಜವಾಗಿ ಪಾಲಿಪ್, ಅಂದರೆ ಒಳಪದರದಿಂದ ಬೆಳೆದ ಗಂಟು, ಇದ್ದರೆ ಅದು ಆ ದಪ್ಪದೊಳಗೆ ಅಡಗಿ ಕೂತಿರುತ್ತದೆ. ರಕ್ತ ನಿಂತ ಮೇಲೆ, ಹತ್ತನೇ ದಿನದ ಒಳಗೆ, ಯೋನಿಯ ಮೂಲಕ ಸ್ಕ್ಯಾನ್ ಮಾಡಿದರೆ ಅದು ಬೆಳ್ಳಗೆ, ದುಂಡಗೆ ಎದ್ದು ಕಾಣುತ್ತದೆ. ರಕ್ತದ ಹರಿವು ತೋರಿಸುವ ಡಾಪ್ಲರ್ ಹಾಕಿದರೆ ಬುಡಕ್ಕೆ ಹೋಗುವ ಒಂಟಿ ರಕ್ತನಾಳವೂ ಸಿಗುತ್ತದೆ. ಅಂತಾರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟ ಫಿಗೊ 2011ರಲ್ಲಿ ಅಸಹಜ ರಕ್ತಸ್ರಾವದ ಕಾರಣಗಳನ್ನು ಒಂಬತ್ತು ಗುಂಪು ಮಾಡಿತು. ಪಟ್ಟಿಯಲ್ಲಿ ಮೊದಲನೆಯದೇ ಪಾಲಿಪ್.

ಹಿಂದೆ ಇಂಥವರಿಗೆಲ್ಲ ಒಳಪದರ ಕೆರೆದು ತೆಗೆಯುವ ಡಿ ಅಂಡ್ ಸಿ ಮಾಡುತ್ತಿದ್ದರು, ಈಗಲೂ ಎಷ್ಟೋ ಕಡೆ ಮಾಡುತ್ತಾರೆ. ನಮ್ಮ ಕಡೆ ಜನ ಅದನ್ನು “ಚೀಲ ತೊಳೆಸೋದು” ಅನ್ನುತ್ತಾರೆ. ಕೆರೆಯುವ ಚಮಚಕ್ಕೆ ಕಣ್ಣಿಲ್ಲ. ಪಾಲಿಪ್ಪಿಗೆ ತೊಟ್ಟು ಇದ್ದರೆ ಅದು ಆಚೆ ಈಚೆ ಸರಿದು ತಪ್ಪಿಸಿಕೊಳ್ಳುತ್ತದೆ. ಸುತ್ತಲಿನ ಒಳ್ಳೆಯ ಪದರವೆಲ್ಲ ಬಂದು, ಬೇಕಾದದ್ದು ಮಾತ್ರ ಅಲ್ಲೇ ಉಳಿಯುತ್ತದೆ. “ತೊಳಿಸಿದ್ರೂ ನಿಲ್ಲಲಿಲ್ರಿ” ಎನ್ನುವವರಲ್ಲಿ ಹಿಸ್ಟರೊಸ್ಕೋಪ್ ಎಂಬ ದುರ್ಬೀನು ಹಾಕಿ ನೋಡಿದಾಗ ಪಾಲಿಪ್ ಇಡಿಯಾಗಿ ಇದ್ದಲ್ಲೇ ಇರುವುದನ್ನು ಕಂಡಿದ್ದೇನೆ.

ಒಳಗೆ ನೋಡುವ ಕೆಲಸ ಸರಳವಾಗಿ ಹೀಗೆ. ಗರ್ಭಕೋಶದ ಒಳಗೋಡೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕೊಳವೆಯ ಮೂಲಕ ಸಲೈನ್ ಹರಿಸಿದಾಗ ಅವು ಬೇರೆಯಾಗಿ ನಡುವೆ ಜಾಗ ತೆರೆದುಕೊಳ್ಳುತ್ತದೆ. ಮೇಲೆ ಎರಡು ಮೂಲೆಗಳಲ್ಲಿ ಗರ್ಭನಾಳದ ಬಾಯಿಗಳು ಕಪ್ಪು ಚುಕ್ಕೆಗಳಾಗಿ ಕಾಣಿಸಬೇಕು. ಎರಡೂ ಕಂಡರೆ ಮಾತ್ರ ಇಡೀ ಕೋಣೆ ನೋಡಿದಂತೆ. ಅವುಗಳ ನಡುವೆ ಎಲ್ಲೋ ಒಂದು ಗೋಡೆಯಿಂದ ಪಾಲಿಪ್ ಕಿರುನಾಲಗೆಯ ಹಾಗೆ ಇಳಿಬಿದ್ದಿರುತ್ತದೆ. ನಯವಾಗಿ, ನಸುಗೆಂಪಾಗಿ, ಮೈಮೇಲೆ ಎಳೆಎಳೆ ರಕ್ತನಾಳ ಹೊತ್ತು ಸಲೈನ್ ಹರಿವಿಗೆ ತುಯ್ಯುತ್ತಿರುತ್ತದೆ. ಚಿಕ್ಕದಾದರೆ ಸಣ್ಣ ಕತ್ತರಿ, ದೊಡ್ಡದಾದರೆ ವಿದ್ಯುತ್ ತಂತಿಯ ಕುಣಿಕೆ. ಕತ್ತರಿಸಬೇಕಾದದ್ದು ಬುಡದಲ್ಲಿ. ಬುಡ ಉಳಿಸಿದರೆ ಅದು ಮತ್ತೆ ಬೆಳೆದೀತು.

ಆ ಹೊತ್ತಿನಲ್ಲಿ ನನಗಿಂತ ಮುಖ್ಯವಾದವರು ಬಾಟಲಿ ಲೆಕ್ಕ ಇಡುವ ಸಿಸ್ಟರ್. ಒಳಗೆ ಹೋದ ಸಲೈನ್ ಎಷ್ಟು, ಹೊರಬಂದದ್ದು ಎಷ್ಟು ಎಂದು ಅವರು ಕೂಗಿ ಹೇಳುತ್ತಿರಬೇಕು. ವ್ಯತ್ಯಾಸ ಎರಡೂವರೆ ಲೀಟರ್ ಮುಟ್ಟಿತೆಂದರೆ ಕೈಯಲ್ಲಿರುವ ಕೆಲಸ ಅರ್ಧವಾಗಿದ್ದರೂ ನಿಲ್ಲಿಸಬೇಕು, ಏಕೆಂದರೆ ಅಷ್ಟು ನೀರು ರಕ್ತಕ್ಕೆ ಸೇರಿರುತ್ತದೆ. ವಯಸ್ಸಾದವರಲ್ಲಿ, ಹೃದಯದ ತೊಂದರೆ ಇದ್ದವರಲ್ಲಿ ಅದಕ್ಕೂ ಬಹಳ ಮೊದಲೇ. ಎಲ್ಲ ಸರಿಯಾದರೆ ರೋಗಿ ಸಂಜೆಯೇ ಮನೆಗೆ.

ಅರಿವಳಿಕೆಯೇ ಬೇಡ, ತೆಳು ಸ್ಕೋಪಿನಲ್ಲಿ ಒಪಿಡಿಯಲ್ಲೇ ಮಾಡಬಹುದು ಎನ್ನುವುದೂ ನಿಜ. ಆದರೆ “ಏನೂ ನೋವಾಗೂದಿಲ್ಲ” ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ಕೆಲವರಿಗೆ ಚೆನ್ನಾಗಿಯೇ ನೋಯುತ್ತದೆ. ಮೊದಲೇ ಹೇಳಿ, ತಾಳಲಾಗದಿದ್ದರೆ ನಿಲ್ಲಿಸುತ್ತೇವೆ ಎಂದರೆ ಹೆಣ್ಣುಮಕ್ಕಳು ನಮ್ಮನ್ನು ನಂಬುತ್ತಾರೆ.

ಇನ್ನು ಫಾರ್ಮಲಿನ್ ಡಬ್ಬಿಯ ಕಥೆ. ಸಣ್ಣ ಊರುಗಳಲ್ಲಿ ತೆಗೆದ ತುಣುಕನ್ನು ಡಬ್ಬಿಗೆ ಹಾಕಿ ರೋಗಿಯ ಕಡೆಯವರ ಕೈಗೇ ಕೊಡುವುದು ರೂಢಿ, ಅವರೇ ಪೆಥಾಲಜಿ ಲ್ಯಾಬಿಗೆ ಮುಟ್ಟಿಸಬೇಕು. ಗಂಡನೋ ಮಗನೋ ಅದನ್ನು ಬೈಕಿನ ಡಿಕ್ಕಿಯಲ್ಲಿಟ್ಟು, “ರಕ್ತ ನಿಂತೈತಲ್ಲ, ಇನ್ಯಾಕ ರೊಕ್ಕ?” ಎಂದು ಮರೆಯುತ್ತಾರೆ. ಪಾಲಿಪ್‌ಗಳಲ್ಲಿ ಬಹುಪಾಲು ನಿರಪಾಯ. ಮುಟ್ಟು ನಿಂತವರಲ್ಲಿ ರಕ್ತ ಕಂಡಿದ್ದರೆ, ಸ್ತನ ಕ್ಯಾನ್ಸರಿಗೆ ಟ್ಯಾಮೋಕ್ಸಿಫೆನ್ ನುಂಗುತ್ತಿದ್ದರೆ ಮಾತು ಬೇರೆ. ಆದ್ದರಿಂದ ನಮ್ಮಲ್ಲಿ ಈಗ ಡಬ್ಬಿಯನ್ನು ಆಸ್ಪತ್ರೆಯ ಹುಡುಗನೇ ಒಯ್ಯುತ್ತಾನೆ.

ಪಾಲಿಪ್ ತೆಗೆದ ಮಾತ್ರಕ್ಕೆ ಎಲ್ಲರ ರಕ್ತಸ್ರಾವವೂ ನಿಲ್ಲುತ್ತದೆ ಎಂದೇನಿಲ್ಲ. ಗೋಡೆಯೊಳಗೇ ಒಳಪದರ ಬೆಳೆಯುವ ಅಡಿನೊಮಯೋಸಿಸ್ ಇದ್ದರೆ ಸ್ರಾವ ಮುಂದುವರಿಯುತ್ತದೆ, ಕಾಪರ್-ಟಿ ಥರದ, ಹಾರ್ಮೋನ್ ಬಿಡುವ ಸಾಧನ ಬೇಕಾಗಬಹುದು. ಒಂದು ಸೆಂ.ಮೀ.ಗಿಂತ ಚಿಕ್ಕ ಪಾಲಿಪ್, ತೊಂದರೆಯೂ ಇಲ್ಲ ಎಂದಾದರೆ ಕಾಯಬಹುದು, ಕೆಲವು ತಾವೇ ಹೋಗುತ್ತವೆ. ಹಿಮೋಗ್ಲೋಬಿನ್ ಆರಕ್ಕೆ ಇಳಿದು, ಗೋಡೆಯ ಮಣ್ಣು, ಹಸಿ ಅಕ್ಕಿ ತಿನ್ನುತ್ತ ಬರುವವರಿಗೆ ಮೊದಲು ಬೇಕಾದದ್ದು ಕಬ್ಬಿಣದ ಇಂಜೆಕ್ಷನ್ನು.

ಚೀಲ ತೆಗೆಯಿರಿ ಎನ್ನುವವರನ್ನು ನಾನು ಬೈಯುವುದಿಲ್ಲ, ತಪ್ಪು ಅವರದಷ್ಟೇ ಅಲ್ಲ. ಕಲಬುರಗಿಯ ತಾಂಡಾಗಳಲ್ಲಿ, ಮಹಾರಾಷ್ಟ್ರದ ಬೀಡ್‌ನ ಕಬ್ಬು ಕಡಿಯುವವರಲ್ಲಿ ಬೇಡದಿದ್ದರೂ ಗರ್ಭಕೋಶ ತೆಗೆದ ಶಸ್ತ್ರಚಿಕಿತ್ಸೆಗಳ ಸುದ್ದಿ ನಾವೆಲ್ಲ ಓದಿದ್ದೇವೆ. 2023ರಲ್ಲಿ ಸುಪ್ರೀಂ ಕೋರ್ಟೇ ಇವನ್ನು ತಡೆಯುವ ಮಾರ್ಗಸೂಚಿ ಜಾರಿ ಮಾಡಿ ಎಂದು ರಾಜ್ಯಗಳಿಗೆ ಹೇಳಬೇಕಾಯಿತು. ತಮಾಷೆ ಎಂದರೆ, ಪ್ಯಾಂಟಲಿಯೋನಿ ಎಂಬ ವೈದ್ಯ 1869ರಲ್ಲೇ ದೀಪದ ಬೆಳಕಿನ ಕೊಳವೆ ಇಟ್ಟು ಮುಟ್ಟು ನಿಂತ ಹೆಂಗಸಿನ ಗರ್ಭಕೋಶದಲ್ಲಿ ಪಾಲಿಪ್ ಕಂಡು, ಔಷಧ ಹಚ್ಚಿ ಸುಟ್ಟಿದ್ದ.

ಹಾಗೆಂದು ಉಳಿಸುವುದೇ ಹಟವಾಗಬಾರದು. ಮುಟ್ಟು ನಿಂತು ವರ್ಷಗಳಾದ ಒಬ್ಬ ಅಜ್ಜಿಗೆ ಮತ್ತೆ ರಕ್ತ ಕಂಡಿತ್ತು. ಪಾಲಿಪ್ ಸಲೀಸಾಗಿ ಬಂತು, ಅಜ್ಜಿ ಸಂಜೆಯೇ ಚಹಾ ಕೇಳಿದರು. ವರದಿಯಲ್ಲಿ ಮಾತ್ರ ಕ್ಯಾನ್ಸರಿಗೆ ಹತ್ತಿರದ ಜೀವಕೋಶ ಬದಲಾವಣೆ. ಗರ್ಭಕೋಶ ತೆಗೆಯಬೇಕೆಂದಾಗ ಮಗ ಎದ್ದು ನಿಂತ: “ದುರ್ಬೀನು ಹಾಕಿದ್ರ ಸಾಕು ಅಂದೋರು ನೀವ ಅಲ್ಲೇನ್ರಿ?” ಅವನನ್ನು ಕೂರಿಸಿಕೊಂಡು ವರದಿಯ ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದೆ. ತಲೆ ಕೆರೆದುಕೊಂಡ, ಊರಿಗೆ ಹೋಗಿ ಅಣ್ಣನನ್ನು ಕರೆತಂದ, ಇಬ್ಬರೂ ಸಹಿ ಹಾಕಿದರು. ತೆಗೆದ ಗರ್ಭಕೋಶದ ಇನ್ನೊಂದು ಗೋಡೆಯಲ್ಲೂ ಅಂಥದೇ ಬದಲಾವಣೆ ಇತ್ತು.