ಹೊಟ್ಟು ಹಿಡಿಯೋ ಮೆಷಿನ್ ಆರಿಸೋದು ಹೇಗೆ?

ನಮ್ಮ ಗ್ಯಾಂಗಿನ ಒಬ್ಬನ ಅಪ್ಪ ಮನೆ ಹಿಂದಿನ ಶೆಡ್ಡಿನಲ್ಲಿ ಮರಗೆಲಸ ಮಾಡ್ತಾರೆ. ಅಲ್ಲಿರೋದು ಒಂದು ಟೇಬಲ್ ಸಾ, ಒಂದು ಪ್ಲೇನರ್, ಒಂದು ಸ್ಯಾಂಡರ್. ರಜೆಯಲ್ಲಿ ಅವರ ಮನೆಗೆ ಹೋದಾಗ ರಾತ್ರಿಯೆಲ್ಲಾ ಅಂಕಲ್ ಕೆಮ್ಮುವುದು ಕೇಳಿಸಿತು. ಬೆಳಿಗ್ಗೆ ಕೇಳಿದರೆ, "ಧೂಳು ಕಣ್ರೋ, ಅಭ್ಯಾಸ ಆಗಿಬಿಟ್ಟಿದೆ" ಅಂದ್ರು. ಮೆಕ್ಯಾನಿಕಲ್ ಓದೋ ನಾವು ಸುಮ್ಮನಿರೋಕಾಗುತ್ತಾ? ಒಳ್ಳೇ ಡಸ್ಟ್ ಕಲೆಕ್ಟರ್ ಆರಿಸಿಕೊಡೋಣ ಅಂತ ಪೆನ್ನು ಹಿಡಿದು ಕೂತೆವು.

1. ಯಾವ ಧೂಳು ಅಪಾಯ?

ನೆಲಕ್ಕೆ ಬೀಳುವ ಹೊಟ್ಟು ಗುಡಿಸಿದರೆ ಹೋಗುತ್ತೆ. ಕಣ್ಣಿಗೆ ಕಾಣದ ಪುಡಿಯೇ ನಿಜವಾದ ತೊಂದರೆ. 10 ಮೈಕ್ರಾನ್‌ಗಿಂತ ಸಣ್ಣ ಕಣಗಳು ಮೂಗು, ಗಂಟಲು ದಾಟಿ ಒಳಗೆ ಹೋಗಬಲ್ಲವು. ಫ್ಲೂಯಿಡ್ ಮೆಕ್ಯಾನಿಕ್ಸಿನ ಸ್ಟೋಕ್ಸ್ ನಿಯಮ ನೆನಪಿದೆಯಾ? ಕಣ ಇಳಿಯುವ ವೇಗ ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತೆ. ಮರದ ಸಾಂದ್ರತೆ ಘನ ಮೀಟರ್‌ಗೆ 600 ಕೆ.ಜಿ. ಅಂತ ಹಿಡಿದರೆ, ನಿಂತ ಗಾಳಿಯಲ್ಲಿ 10 ಮೈಕ್ರಾನ್ ಕಣ 1.5 ಮೀಟರ್ ಇಳಿಯೋಕೆ ಸುಮಾರು 14 ನಿಮಿಷ ಬೇಕು. 2.5 ಮೈಕ್ರಾನ್ ಕಣಕ್ಕೆ ಅದರ ಹದಿನಾರು ಪಟ್ಟು, ಅಂದ್ರೆ ಮೂರೂವರೆ ಗಂಟೆಗೂ ಹೆಚ್ಚು! ಅಂಕಲ್ ಮೆಷಿನ್ ಆಫ್ ಮಾಡಿ, ಮಾಸ್ಕ್ ತೆಗೆದು ಅಲ್ಲೇ ಕಾಫಿ ಕುಡಿಯುವಾಗಲೂ ಆ ಧೂಳು ಗಾಳಿಯಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಇದನ್ನು ಓದಿದ ಮೇಲೆ "ಅಭ್ಯಾಸ" ಅನ್ನೋ ಮಾತು ನಮಗೆ ಹಗುರವಾಗಿ ಕಾಣಲಿಲ್ಲ.

2. ಎಳೆತ ಬೇಕಾ, ಹರಿವು ಬೇಕಾ?

ವರ್ಕ್‌ಶಾಪ್ ವ್ಯಾಕ್ಯೂಮ್ ಕ್ಲೀನರ್ ಜೋರಾಗಿ ಎಳೆಯುತ್ತೆ, ಆದರೆ ಅದರಲ್ಲಿ ಹರಿಯುವ ಗಾಳಿ ಕಡಿಮೆ. ಸಣ್ಣ ಪೈಪಿನ ಸ್ಯಾಂಡರ್‌ಗೆ ಅದೇ ಸರಿ. ಡಸ್ಟ್ ಕಲೆಕ್ಟರ್ ಇದರ ಉಲ್ಟಾ: ಎಳೆತ ಕಡಿಮೆ, ಗಾಳಿ ಬಹಳ. ರಾಶಿ ಚಕ್ಕೆ ಉದುರಿಸುವ ಪ್ಲೇನರ್‌ಗೆ, ಟೇಬಲ್ ಸಾಗೆ ಇದು ಬೇಕು. ಎರಡಕ್ಕೂ ಒಂದೇ ಮೆಷಿನ್ ಸಾಕು ಅಂದುಕೊಂಡಿದ್ದೇ ನಮ್ಮ ಮೊದಲ ತಪ್ಪು.

3. ಪೈಪಿನ ಲೆಕ್ಕ

ಹೊಟ್ಟು ಪೈಪಿನಲ್ಲಿ ಕೂರದೆ ಸಾಗಲು ಗಾಳಿಯ ವೇಗ ಸೆಕೆಂಡಿಗೆ ಸುಮಾರು 20 ಮೀಟರ್ ಇರಬೇಕು. 100 ಮಿ.ಮೀ. ಪೈಪಿನಲ್ಲಿ ಆ ವೇಗಕ್ಕೆ ಗಂಟೆಗೆ ಸುಮಾರು 565 ಘನ ಮೀಟರ್ ಗಾಳಿ ಹರಿಯಬೇಕು. ಅಷ್ಟೇ ಗಾಳಿಯನ್ನು ಅರ್ಧ ವ್ಯಾಸದ ಪೈಪಿನಲ್ಲಿ ತಳ್ಳಿದರೆ ಒತ್ತಡದ ನಷ್ಟ ಸುಮಾರು 32 ಪಟ್ಟು ಆಗುತ್ತೆ, ಯಾಕಂದ್ರೆ ನಷ್ಟ ವ್ಯಾಸದ ಐದನೇ ಘಾತಕ್ಕೆ ವಿಲೋಮ. ಹಾಗಾಗಿ ದೊಡ್ಡ ಮೋಟರ್ ತಂದು ಸಣ್ಣ ಪೈಪ್ ಹಾಕಿದರೆ ದುಡ್ಡು ದಂಡ. ಪೈಪ್ ಗಿಡ್ಡ ಇರಲಿ, ತಿರುವು ಕಡಿಮೆ ಇರಲಿ, ಸುಕ್ಕುಸುಕ್ಕು ಹೋಸ್ ಆದಷ್ಟು ಕಡಿಮೆ ಇರಲಿ. ಇನ್ನೊಂದು ವಿಷಯ: ಡಬ್ಬದ ಮೇಲಿನ ಹರಿವಿನ ಅಂಕಿ ಸಾಮಾನ್ಯವಾಗಿ ಪೈಪ್, ಫಿಲ್ಟರ್ ಇಲ್ಲದೆ ಅಳೆದದ್ದು. ಜೋಡಿಸಿದ ಮೇಲೆ ಅಷ್ಟು ಸಿಗಲ್ಲ.

4. ಫಿಲ್ಟರ್

30 ಮೈಕ್ರಾನ್ ಬಟ್ಟೆ ಚೀಲ ಚಕ್ಕೆಯನ್ನು ಹಿಡಿದು ಸಣ್ಣ ಧೂಳನ್ನು ರೂಮಿಗೇ ಊದುತ್ತೆ. ನೆಲ ಕ್ಲೀನಾಗಿ ಕಾಣುತ್ತೆ, ಗಾಳಿ ಹಾಳಾಗುತ್ತೆ. 1 ಮೈಕ್ರಾನ್ ಅಥವಾ ಹೆಪಾ ಫಿಲ್ಟರ್ ತಗೊಳ್ಳಿ. ಅದರ ಮುಂದೆ ಒಂದು ಸೈಕ್ಲೋನ್ ಇಟ್ಟರೆ ದಪ್ಪ ಹೊಟ್ಟು ಮೊದಲೇ ಡ್ರಮ್ಮಿಗೆ ಬಿದ್ದು, ಫಿಲ್ಟರ್ ಬೇಗ ಕಟ್ಟಿಕೊಳ್ಳಲ್ಲ.

5. ಬೆಂಕಿ

ಕಬ್ಬಿಣ ಉಜ್ಜುವಾಗಿನ ಕಿಡಿ ಈ ಪೈಪಿಗೆ ಹೋಗಲೇಬಾರದು. ಚೀಲದ ತುಂಬ ಇರೋದು ಒಣ ಹೊಟ್ಟು.

ಕೊನೆಗೆ ಏನು ಕೊಂಡೆವು?

ಎರಡಕ್ಕೂ ದುಡ್ಡು ಸಾಲಲಿಲ್ಲ. ದಿನದಲ್ಲಿ ಯಾವ ಕೆಲಸಕ್ಕೆ ಎಷ್ಟು ಹೊತ್ತು ಅಂತ ಅಂಕಲ್‌ನ ಕೇಳಿದೆವು. ಹೆಚ್ಚು ಹೊತ್ತು ಸ್ಯಾಂಡಿಂಗ್, ಅತಿ ಸಣ್ಣ ಧೂಳು ಬರೋದೂ ಅದರಲ್ಲೇ. ಹಾಗಾಗಿ ಮೊದಲು ಹೆಪಾ ಫಿಲ್ಟರಿನ ವ್ಯಾಕ್ಯೂಮ್, ಜೊತೆಗೊಂದು ಸಣ್ಣ ಸೈಕ್ಲೋನ್. ಕಲೆಕ್ಟರ್ ಬರೋವರೆಗೂ ಸಾ, ಪ್ಲೇನರ್ ಕೆಲಸ ಶೆಡ್ಡಿನ ಹೊರಗೆ, ಎನ್95 ಮಾಸ್ಕ್ ಹಾಕಿಕೊಂಡು. ಮೆಷಿನ್ ಮುಂದಿನ ಧೂಳನ್ನು ಹಿಡಿಯುತ್ತೆ, ಒಳಗೆ ಹೋಗಿರೋದನ್ನಲ್ಲ. ಅದಕ್ಕೇ ನಮ್ಮ ಪಟ್ಟಿಯ ಮೊದಲ ಸಾಲಿನಲ್ಲಿ ಡಾಕ್ಟರ್ ಹತ್ತಿರ ಹೋಗಬೇಕು ಅಂತ ಬರೆದಿದ್ದೆವು. ಅಂಕಲ್ ಅದನ್ನು ಓದಿ ನಕ್ಕರು, ಆದರೆ ಹೋಗಿ ಬಂದರು.