ನಮ್ಮೂರ ಗುಂಡುತೋಪು

ನಮ್ಮೂರ ಹೊರಗೆ ಗುಂಡುತೋಪು ಇದೆ. ಅಲ್ಲಿ ಹುಣಸೆ, ಹೊಂಗೆ, ನೇರಳೆ ಮರಗಳಿವೆ. ಮಧ್ಯಾಹ್ನ ದನಗಳಿಗೆ ಅಲ್ಲೇ ನೆರಳು. ಹುಣಸೆಹಣ್ಣು ಆರಿಸಿ ಸಂತೆಗೆ ಒಯ್ಯುವವರು ನಾವೇ.

ಒಂದು ದಿನ ತೋಪಿನಲ್ಲಿ ಯಾರೋ ಕಲ್ಲು ನೆಟ್ಟರು. "ಬಡಾವಣೆ ಆಗುತ್ತೆ. ಸೈಟು ಮಾರ್ತೀವಿ" ಅಂದರು.

"ಇದು ಯಾರ ಜಾಗ?" ಅಂತ ಕೇಳಿದೆವು.

"ನಿಮಗ್ಯಾಕಮ್ಮ ಅದೆಲ್ಲ?" ಅಂದರು.

ನಾವು ನಾಡಕಚೇರಿಗೆ ಹೋಗಿ ಪಹಣಿ ತೆಗೆಸಿದೆವು. ಪಹಣಿ ಅಂದರೆ ಜಮೀನಿನ ಜಾತಕ. ಜಮೀನು ಯಾರದು ಎಂದು 9ನೇ ಕಾಲಂನಲ್ಲಿ ಬರೆದಿರುತ್ತದೆ. ಹೋದ ವರ್ಷ ಹೆಬ್ಬೆಟ್ಟು ಒತ್ತುತ್ತಿದ್ದ ಅಜ್ಜಿಯೇ ಅಕ್ಷರ ಕೂಡಿಸಿ ಓದಿದರು. ಸ-ರ್ಕಾ-ರಿ ಗುಂ-ಡು-ತೋ-ಪು!

ಆ ರಾತ್ರಿ ಕಲಿಕಾ ಕೇಂದ್ರದಲ್ಲಿ ಒಂದು ಹಳೆಯ ಸುದ್ದಿ ಓದಿದೆವು. ಪಂಜಾಬಿನ ಪಟಿಯಾಲ ಜಿಲ್ಲೆಯ ಒಂದು ಹಳ್ಳಿಯದು. ಅಲ್ಲಿ ಊರಿನ ಕೆರೆ ಮುಚ್ಚಿ ಮನೆ ಕಟ್ಟಿದ್ದರು. 2011ರ ಜನವರಿ 28ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಊರಿನ ಜಾಗ ಊರಿಗೇ ಸೇರಬೇಕು ಎಂದಿತು. "ಹಣ ಸುರಿದು ಕಟ್ಟಿದ್ದೇವೆ" ಅನ್ನುವ ನೆಪ ನಡೆಯದು ಎಂದಿತು. ಇಂಥ ಒತ್ತುವರಿ ತೆರವು ಮಾಡಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು.

ಮನೆ ಯಾರಿಗೆ ಬೇಡ? ನಮ್ಮಲ್ಲೂ ಸೂರಿಲ್ಲದವರು ಇದ್ದಾರೆ. ಆದರೆ ಆ ಸೈಟಿನ ಬೆಲೆ ಅವರ ಕೈಗೆಲ್ಲಿ ಎಟುಕುತ್ತೆ?

ತಹಶೀಲ್ದಾರರಿಗೆ ಅರ್ಜಿ ಬರೆದೆವು. ಸರ್ವೆ ನಂಬರ್ ಹಾಕಿದೆವು. ತೋಪು ಅಳೆದು ಗಡಿ ತೋರಿಸಿ ಎಂದು ಕೇಳಿದೆವು. 23 ಜನ ಸಹಿ ಮಾಡಿದೆವು. ಹೆಬ್ಬೆಟ್ಟು ಒಂದೂ ಇಲ್ಲ. ನಕಲಿನ ಮೇಲೆ ಮೊಹರು ಹಾಕಿಸಿಕೊಂಡೆವು. ಮೊಹರಿಲ್ಲದೆ ನೀವೂ ವಾಪಸ್ ಬರಬೇಡಿ.

ಅಳತೆ ಇನ್ನೂ ಆಗಿಲ್ಲ. ಕಲ್ಲುಗಳು ಅಲ್ಲೇ ಇವೆ. ಮುಂದಿನ ಗ್ರಾಮಸಭೆಗೆ ಪಹಣಿ ಹಿಡಿದು ಹೋಗ್ತೀವಿ.

ಅಭ್ಯಾಸ: ನಿಮ್ಮೂರ ತೋಪಿನ ಸರ್ವೆ ನಂಬರ್ ಎಷ್ಟು? ಕೇಳಿ, ಇಲ್ಲಿ ಬರೆಯಿರಿ.